ಉಬ್ಬರಕ್ಕೆ ಕಾದ ಗಣಪತಿ

ಗೆಜ್ಜೆವಸ್ತ್ರಕ್ಕೆ ಹತ್ತಿ ಬಿಡಿಸುತ್ತ ಕೂತಿದ್ದೆ. ಮುಂಬಯಿಯ ಮಳೆಗಾಲದಲ್ಲಿ ಹತ್ತಿ ತೇವ ಕುಡಿದು ಬೆರಳಿಗೆ ಅಂಟುತ್ತದೆ. ಎಳೆದರೆ ಎಳೆ ಬರುವುದಿಲ್ಲ, ಗಂಟು ಬರುತ್ತದೆ. ಅದಕ್ಕೆ ತಟ್ಟೆಯನ್ನು ಒಲೆಯ ಹತ್ತಿರ, ಕುಕ್ಕರಿನ ಬಿಸಿ ತಾಗುವ ಹಾಗೆ ಇಟ್ಟುಕೊಂಡಿದ್ದೆ. ಊಟದ ಹೊತ್ತು ಇನ್ನೂ ಆಗಿರಲಿಲ್ಲ, ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ನಮ್ಮ ಮನೆಯವರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿದೆ, ಬೂಟು ಕೈಯಲ್ಲಿದೆ.

"ಇದೇನ್ರೀ, ಇಷ್ಟು ಬೇಗ?"

"ಈ ಮಳೇಲಿ ಸಮುದ್ರಾನೂ ಉಕ್ಕಿದರೆ ಲೋಕಲ್ ನಿಂತುಹೋಗತ್ತೆ ಅಂತ ಆಫೀಸು ಬಿಟ್ಟುಬಿಟ್ಟರು." ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ, ಮುಖ ಕಾಣದ ಹಾಗೆ, ಮುಂದಿನ ಮಾತು ಹೇಳಿದರು. "ಕಮಲಾ, ಕಛ್ ಯೋಜನೆಗೆ ಕೊನೇ ಅಭಿಪ್ರಾಯ ನಾನೇ ಬರೀಬೇಕಂತೆ. ಬೇಕೋ, ಬೇಡವೋ. ದಸರಾ ಒಳಗೆ."

ಕೈಯಲ್ಲಿದ್ದ ಹತ್ತಿಯನ್ನು ತಟ್ಟೆಗೆ ಹಾಕಿದೆ. ಆ ಹೊತ್ತು ಬರುತ್ತದೆಂದು ನನಗೂ ಗೊತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷದ ಮಾತು ಇದು. ಮೊನ್ನೆ ಮಗಳ ಜೊತೆ ಮಾರ್ವೆಯ ಕಡಲತೀರಕ್ಕೆ ಹೋಗಿದ್ದೆ. ನೀರು ಇಳಿದಿತ್ತು. ಆಟೋದಿಂದ ಕಾಲು ಕೆಳಗಿಡುವ ಮೊದಲೇ ಕೆಸರಿನ ವಾಸನೆ ಬಂತು. ಉಪ್ಪು, ಕೊಳೆತ ಎಲೆ, ಮೀನು, ಎಲ್ಲ ಕಲಸಿದ ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ಆ ವರ್ಷದ ಮಳೆಗಾಲವೆಲ್ಲ ಕಣ್ಣ ಮುಂದೆ ಬಂದು ನಿಂತಿತು.

ನಾವು ನಂಜನಗೂಡಿನ ಕಡೆಯವರು. ಇವರು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿಗೆ ಬಂದವರು. ಆಫೀಸು ಬೈಕುಲ್ಲಾದಲ್ಲಿ, ಮನೆ ಮಲಾಡಿನಲ್ಲಿ. ಒಂದು ಕೋಣೆ, ಅಡುಗೆಮನೆ, ಬಟ್ಟೆ ಒಣಹಾಕುವಷ್ಟು ಗ್ಯಾಲರಿ. ಕಡಲ ನೀರಿನಿಂದ ಕರೆಂಟು ತೆಗೆಯುವುದು ದೇಶಕ್ಕೆ ಲಾಭವೋ ನಷ್ಟವೋ ಎಂದು ನೋಡಲು ಆಫೀಸಿನಲ್ಲಿ ಒಂದು ಸಣ್ಣ ವಿಭಾಗವಿತ್ತು. ಇವರು ಅದರಲ್ಲಿದ್ದರು. ಕಛ್ ಕೊಲ್ಲಿಯಲ್ಲಿ ಸಮುದ್ರ ನಮ್ಮ ಬಿಲ್ಡಿಂಗಿನ ಎರಡನೆಯ ಮಹಡಿಯಷ್ಟು ಎತ್ತರಕ್ಕೆ ಏರಿ ಇಳಿಯುತ್ತದೆಯಂತೆ. ಅಲ್ಲಿ ಒಂದು ಅಳಿವೆಯ ಬಾಯಿಗೆ ಗೋಡೆ ಕಟ್ಟಿ ಬಾಗಿಲು ಇಡುವುದು. ಉಬ್ಬರದ ನೀರನ್ನು ಒಳಗೆ ಬಿಟ್ಟು ಬಾಗಿಲು ಹಾಕುವುದು. ಹೊರಗೆ ಸಮುದ್ರ ಇಳಿದಾಗ ಒಳಗಿನ ನೀರನ್ನು ಚಕ್ರದ ಮೇಲೆ ಹಾಯಿಸುವುದು. ಇವರು ಅಳತೆಗೆಂದು ಅಲ್ಲಿಗೆ ಹೋಗಿ ಬಂದಾಗಲೆಲ್ಲ ಮೈ ಕಪ್ಪಾಗುತ್ತಿತ್ತು, ಮುಖ ಬೆಳಗುತ್ತಿತ್ತು. ಅಲ್ಲಿಯ ಒಂಟೆಗಳು ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಸೊಪ್ಪು ಮೇಯಲು ಸಮುದ್ರದಲ್ಲಿ ಈಜಿಕೊಂಡು ಹೋಗುತ್ತವೆ ಎಂದು ಹೇಳಿದ್ದನ್ನು ಮಗಳು ವೀಣಾ ಸ್ಕೂಲಿನಲ್ಲಿ ಹೇಳಿ ನಗೆಪಾಟಲಾಗಿದ್ದಳು.

"ಬೇಕು" ಎಂದು ಬರೆದರೆ ವಿಭಾಗ ಉಳಿಯುತ್ತದೆ, ಇವರಿಗೆ ಬಡ್ತಿ, ನಾವು ಮಲಾಡಿನಲ್ಲೇ. "ಬೇಡ" ಎಂದರೆ ವಿಭಾಗ ಮುಚ್ಚುತ್ತದೆ, ಅದರಲ್ಲಿದ್ದವರನ್ನು ದೂರದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಗೆ ಹಂಚುತ್ತಾರೆ. ಆ ವರ್ಷ ವೀಣಾಳದು ಹತ್ತನೆಯ ತರಗತಿ. ಅವಳನ್ನು ನಡುವೆ ಕಿತ್ತುಕೊಂಡು ಹೋಗುವಂತಿರಲಿಲ್ಲ. ಅಂದರೆ ಇವರೊಬ್ಬರೇ ಹೋಗಬೇಕು. ಹೊಟ್ಟೆಯ ಹುಣ್ಣಿನ ಮನುಷ್ಯ, ಹೋಟೆಲ್ ಊಟ ಆಗಿಬರುವುದಿಲ್ಲ.

ದೇವರ ಮುಂದೆ ದೀಪ ಹಚ್ಚುವಾಗ ಆ ದಿನದ ಸಣ್ಣಪುಟ್ಟ ಒಳ್ಳೆಯದನ್ನು ನೆನೆಯುವುದು ನನ್ನ ಅಭ್ಯಾಸ. ನೀರು ಹೊತ್ತಿಗೆ ಬಂತು, ಹಾಲು ಒಡೆಯಲಿಲ್ಲ, ಮಗಳು ಒದ್ದೆಯಾಗದೆ ಬಂದಳು, ಇಂಥವು. ಆ ಸಂಜೆ, "ನಂಜುಂಡೇಶ್ವರಾ, ಇವರ ಹತ್ತಿರ ಬೇಕು ಅಂತಲೇ ಬರೆಸಪ್ಪ" ಎಂದು ಕೇಳಲು ಬಾಯಿ ತೆರೆದೆ. ಹಾಗೆ ಕೇಳಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಇವರು ಕ್ಷೇಮವಾಗಿ ಲೋಕಲ್ ಹಿಡಿದು ಬಂದದ್ದಕ್ಕೆ ಕೈಮುಗಿದು ಎದ್ದೆ.

ಅಂದಿನಿಂದ ನಮ್ಮ ಮನೆಯಲ್ಲಿ ಸಮುದ್ರದ ಮಾತೇ ಮಾತು. ಇವರಿಗೆ ಯೋಚನೆ ಮಾಡಬೇಕೆಂದರೆ ಗಟ್ಟಿಯಾಗಿ ಮಾತಾಡಬೇಕು. ನಾನು ಚಪಾತಿ ಒತ್ತುತ್ತಿದ್ದರೆ ಅಡುಗೆಮನೆಯ ಬಾಗಿಲಿಗೆ ಒರಗಿ ಶುರು ಮಾಡುತ್ತಿದ್ದರು. ಕಲ್ಲಿದ್ದಲು ಬೇಡ, ಬೂದಿ ಇಲ್ಲ, ಹೊಗೆ ಇಲ್ಲ. ಬೆಟ್ಟದ ಅಣೆಕಟ್ಟಿನ ಹಾಗೆ ಕಾಡು, ಊರು ಮುಳುಗುವುದಿಲ್ಲ. ಗೋಡೆಯ ಮೇಲೆ ರಸ್ತೆಯನ್ನೂ ಹಾಕಬಹುದು. ಒಮ್ಮೆ ಕಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ತಿರುಗುತ್ತಿರುತ್ತದೆ.

"ನಿಮ್ಮಮ್ಮನ ಮನೇಲಿ ಹೋದ ಸಲ ಕರೆಂಟು ಯಾಕೆ ತೆಗೀತಿದ್ದರು ಹೇಳು?"

"ಮಳೆ ಇರಲಿಲ್ಲ, ಜೋಗದಲ್ಲಿ ನೀರಿರಲಿಲ್ಲ."

"ಹಾಂ! ಮಳೆ ಕೈಕೊಡತ್ತೆ. ಚಂದ್ರ ಕೈಕೊಡಲ್ಲ ಕಣೇ. ನೂರು ವರ್ಷ ಆದಮೇಲೂ ಯಾವತ್ತು ಎಷ್ಟು ಹೊತ್ತಿಗೆ ನೀರು ಬರತ್ತೆ ಅಂತ ಇವತ್ತೇ ಹೇಳಬಹುದು."

ಮರುದಿನ ಅದೇ ಬಾಗಿಲಿಗೆ ಒರಗಿ ಇನ್ನೊಂದು ಕಡೆಯ ಮಾತು. ಸಮುದ್ರದೊಳಗೆ ಅಷ್ಟುದ್ದ ಗೋಡೆ ಕಟ್ಟುವುದಕ್ಕೆ ವರ್ಷಗಟ್ಟಲೆ ಬೇಕು. ಮೊದಲ ದೀಪ ಹತ್ತುವವರೆಗೆ ಹಾಕಿದ ದುಡ್ಡೆಲ್ಲ ನೀರಲ್ಲಿ ಕೂತಿರುತ್ತದೆ. ಉಪ್ಪುನೀರು ಕಬ್ಬಿಣ ತಿನ್ನುತ್ತದೆ. ಒಳಗೆ ಹೂಳು ತುಂಬಬಹುದು. ಕಾಂಡ್ಲಾ ಗಿಡಗಳ ಬುಡದಲ್ಲಿ ಸೀಗಡಿ, ಮೀನು ಮರಿ ಮಾಡುತ್ತವೆ. ಅವು ಹೋದರೆ ಮೀನುಗಾರರು ಏನು ಮಾಡಬೇಕು, ಆ ಒಂಟೆಗಳು ಏನು ತಿನ್ನಬೇಕು? ಚಪಾತಿ ಸೀಯುತ್ತಿತ್ತು. ನಾನು ಹೂಂಗುಟ್ಟುತ್ತಿದ್ದೆ.

ಕೆಳಗಿನ ಮನೆಯ ಫಾತಿಮಾಬಿಗೂ ಈ ಸುದ್ದಿ ಮುಟ್ಟಿತ್ತು. ಬಿಜಾಪುರದ ಕಡೆಯವಳು, ಗಂಡ ಬೈಕುಲ್ಲಾದಲ್ಲಿ ಬರ್ಫು, ಅಂದರೆ ಮಂಜುಗಡ್ಡೆ, ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಲ್ಲಿಯ ಹತ್ತಿರ ಸಿಕ್ಕಾಗ ಕೇಳಿದಳು. "ಅಕ್ಕಾರ, ಸಮುದ್ರದಾಗ ಕರೆಂಟ್ ಹುಟ್ಟಸ್ತಾರಂತ ಹೌದೇನ್ರಿ? ಮತ್ತ ಮೀನ ಹಿಡ್ಯಾಕ ಹ್ವಾದವ್ರಿಗೆ ಶಾಕ್ ಹೊಡ್ಯೂದಿಲ್ಲಾ?"

ಅಷ್ಟರಲ್ಲಿ ಮೆಟ್ಟಿಲು ಇಳಿದು ಬಂದ ಇವರು ನಗುತ್ತ, "ಶಾಕ್ ಹೊಡೆಯಲ್ಲ ಬೀಬಿ. ಆದರೆ ಆ ಕರೆಂಟು ನಾವು ಕರೆದಾಗ ಬರಲ್ಲ, ಚಂದ್ರ ಹೇಳಿದಾಗ ಬರತ್ತೆ. ಇವತ್ತು ಬೆಳಿಗ್ಗೆ ಬಂದರೆ ನಾಳೆ ಇನ್ನೊಂದು ಸ್ವಲ್ಪ ತಡ. ಅಷ್ಟಮಿಗೆ ಮಂಕು, ಅಮಾವಾಸ್ಯೆಗೆ ಜೋರು" ಎಂದರು.

"ಅದಕ್ಕೇನ್ ಬ್ಯಾಸರಾ? ನಮ್ಮನ್ಯಾರ ಫ್ಯಾಕ್ಟರಿಗಿ ಕೊಡ್ರಿ. ಯಾವಾಗ ಬಂದ್ರೂ ಬರ್ಫ ಮಾಡಿ ಇಟ್ಕೋತಾರ."

"ದೇಶಾನೇ ಬರ್ಫಿನ ಕಾರ್ಖಾನೆ ಆಗಬೇಕು ಹಾಗಾದರೆ!"

"ಆಗ್ಲಿ ಬಿಡ್ರಿ ಸಾಹೇಬ್ರ, ಬ್ಯಾಸಿಗ್ಯಾಗರ ತಣ್ಣಗಿರ್ತೀವಿ," ಎಂದು ಕೊಡ ಎತ್ತಿಕೊಂಡು ಹೋದಳು.

ಇವರು ನಕ್ಕರೂ ಆ ಮಾತು ಮನಸ್ಸಿನಲ್ಲಿ ಕೂತಿತು. ಸಂಜೆ ಹೇಳಿದರು, ತೊಡಕೆಲ್ಲ ಅಲ್ಲೇ ಇದೆ ಎಂದು. ಜನ ದೀಪ ಹಾಕುವುದು ಸಂಜೆ, ಹಿಟ್ಟಿನ ಗಿರಣಿ ನಡೆಯುವುದು ಹಗಲು. ಕಡಲ ಕರೆಂಟು ಆ ಹೊತ್ತಿಗೆ ಇರದಿದ್ದರೆ ಬೇರೆ ಸ್ಥಾವರ ತಯಾರಾಗಿ ನಿಂತಿರಬೇಕು. ಕಡಲು ಕಲ್ಲಿದ್ದಲನ್ನು ಉಳಿಸಬಹುದು, ಕಲ್ಲಿದ್ದಲಿನ ಸ್ಥಾವರ ಕಟ್ಟುವ ಖರ್ಚನ್ನು ಉಳಿಸುವುದಿಲ್ಲ. ವರ್ಷದ ಒಟ್ಟು ಕರೆಂಟು ಕೂಡಿಸಿ ತೋರಿಸಿದರೆ ಯೋಜನೆ ಚೆನ್ನಾಗಿ ಕಾಣುತ್ತದೆ. ಯಾವ ಹೊತ್ತಿಗೆ ಬರುತ್ತದೆ ಎಂದು ಬಿಡಿಸಿ ತೋರಿಸಿದರೆ ಸೊರಗುತ್ತದೆ.

"ಎರಡರಲ್ಲಿ ಯಾವುದು ಸುಳ್ಳು?" ಎಂದೆ.

"ಯಾವುದೂ ಸುಳ್ಳಲ್ಲ. ಅದೇ ಕಷ್ಟ."

ಶ್ರಾವಣದ ಒಂದು ಭಾನುವಾರ ಇವರ ಮೇಲಧಿಕಾರಿ ಮೂರ್ತಿಗಳು ಊಟಕ್ಕೆ ಬಂದರು. ಬೆಂಗಳೂರಿನ ಬಸವನಗುಡಿಯವರು, ಪವಾಯಿಯಲ್ಲಿ ಮನೆ. ನನ್ನ ಬಿಸಿಬೇಳೆಬಾತಿಗೆ ಎರಡು ಬಸ್ಸು ಬದಲಾಯಿಸಿ ಬರುತ್ತೇನೆ ಎಂದು ಹೊಗಳುವವರು. ಈ ವಿಭಾಗವನ್ನು ಹಟ ಹಿಡಿದು ತೆರೆಸಿದ್ದೂ ಅವರೇ. ಎಲೆಯ ಮುಂದೆ ಕೂತು, ಎರಡನೆಯ ಸಲ ತುಪ್ಪ ಹಾಕಿಸಿಕೊಂಡು ವಿಷಯಕ್ಕೆ ಬಂದರು.

"ಶ್ರೀಕಂಠು, ಒಟ್ಟು ಕರೆಂಟಿನ ಪಟ್ಟೀನ ಮುಂದಿಡು. ಹೊತ್ತಿನ ವಿಚಾರ ಹಿಂದೆ ಎಲ್ಲಾದರೂ ಇರಲಿ. ಇದೆ ಅಂತಾನೂ ಆಯ್ತು, ಕಣ್ಣಿಗೆ ಹೊಡೀದ ಹಾಗೂ ಆಯ್ತು."

"ಹಿಂದಿನ ಪುಟ ಯಾರು ಓದ್ತಾರೆ ಸಾರ್?"

"ಅದಕ್ಕೇ ಹೇಳಿದ್ದು!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ನೋಡಪ್ಪ, ಯಾವ ಹೊಸ ಕೆಲಸಾನೂ ಮೊದಲನೇ ಸಲ ಲೆಕ್ಕಕ್ಕೆ ಹೊಂದಲ್ಲ. ಒಂದು ಕಟ್ಟಿದರೆ ಎರಡನೇದು ಅಗ್ಗ ಆಗತ್ತೆ. ಈಗ ಬೇಡ ಅಂದರೆ ಇನ್ನು ನಮ್ಮ ಕಾಲದಲ್ಲಿ ಯಾರೂ ಈ ಮಾತು ಎತ್ತಲ್ಲ. ಏನು ತಾಯಿ, ನೀವಾದರೂ ಹೇಳಿ. ಈ ಬಿಸಿಬೇಳೆಬಾತು ಬಿಟ್ಟು ಕಲ್ಲಿದ್ದಲು ತಿನ್ನೋಕೆ ಹೊರಟಿದಾನೆ ನಿಮ್ಮ ಯಜಮಾನ."

ನಾನು ಹಪ್ಪಳ ಬಡಿಸಿದೆ. ಅವರ ಮಾತಿನಲ್ಲೂ ಹುರುಳಿತ್ತು. ಸ್ವಾರ್ಥಕ್ಕೆ ಹೇಳಿದ್ದೂ ಅಲ್ಲ. ಅವರಿಗೆ ನಿವೃತ್ತಿ ಹತ್ತಿರವಿತ್ತು, ವಿಭಾಗ ಇದ್ದರೂ ಹೋದರೂ ಅವರ ಮನೆ ಪವಾಯಿಯಲ್ಲೇ. ತಾವು ನೆಟ್ಟದ್ದು ಸಾಯಬಾರದೆಂಬ ಸಂಕಟ ಅಷ್ಟೇ. ಅವರು ಹೋದ ಮೇಲೆ ಇವರು ಕಾಗದ ಹರಡಿಕೊಂಡು ಕೂತರು. ಎದ್ದಾಗ ಹಾಳೆಯ ಮೇಲೆ ಏನೂ ಬರೆದಿರಲಿಲ್ಲ.

ಹಾಗೇ ಭಾದ್ರಪದ ಬಂತು. ಗೌರಿ ಬಂದಳು, ಗಣಪತಿ ಬಂದ. ನಮ್ಮಲ್ಲಿ ಚೌತಿಯ ಮರುದಿನ ಬೆಳಿಗ್ಗೆ ಪುನಃಪೂಜೆ ಮಾಡಿ, ದಾರಿಗೆಂದು ಮೊಸರನ್ನದ ಬುತ್ತಿ ಕಟ್ಟಿ ಗಣಪತಿಯನ್ನು ಕಳಿಸುವುದು ಪದ್ಧತಿ. ಬೇರೆ ವರ್ಷ ಬಿಲ್ಡಿಂಗಿನವರ ಗಣಪತಿಯ ಜೊತೆ ಸಂಜೆಯ ಟ್ರಕ್ಕಿನಲ್ಲಿ ಕಳಿಸಿಬಿಡುತ್ತಿದ್ದೆವು. ಆ ವರ್ಷ ನಾನೇ ಹಟ ಹಿಡಿದೆ. ಮನೆಯ ಮೇಲೆ ಇಷ್ಟು ದೊಡ್ಡ ಯೋಚನೆ ಇರುವಾಗ ನಮ್ಮ ಕೈಯಾರೆ ಬಿಡೋಣ, ಊರಿನ ಹಾಗೆ ಬೆಳಿಗ್ಗೆಯೇ ಹೋಗೋಣ ಎಂದೆ. ಪಂಚಾಂಗ ತೆಗೆದು ರಾಹುಕಾಲ ನೋಡಿದೆ, ಮಳೆಗೆ ಛತ್ರಿ ತೆಗೆದುಕೊಂಡೆ. ಇವರು ರಜೆ ಹಾಕಿದರು. ಮಣೆಯ ಮೇಲೆ ಗಣಪತಿಯನ್ನಿಟ್ಟುಕೊಂಡು ಸ್ಟೇಷನ್ನಿನ ಹತ್ತಿರ ಬಸ್ಸು ಹತ್ತಿ ಮಾರ್ವೆಯಲ್ಲಿ ಇಳಿದೆವು.

ಸಮುದ್ರವೇ ಇರಲಿಲ್ಲ.

ಇತ್ತು, ದೂರದಲ್ಲಿ, ಒಂದು ಬೂದುಬಣ್ಣದ ಗೆರೆಯ ಹಾಗೆ. ನಡುವೆ ಕೆಸರೋ ಕೆಸರು. ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು. ಇವರು ಕೆಸರಿಗೆ ಒಂದು ಕಾಲಿಟ್ಟು ಮೊಣಕಾಲಿನವರೆಗೆ ಹೂತು, ಗಣಪತಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಹೇಗೋ ಹಿಂದೆ ಬಂದರು. ದೋಣಿಗಟ್ಟೆಯಲ್ಲಿ ಟಿಕೇಟು ಕೊಡುವವನು ಮರಾಠಿಯಲ್ಲಿ ಕೂಗಿದ. "ಸಾಹೇಬ್, ಬಾಪ್ಪಾಲಾ ಚಿಖಲಾತ್ ಬಸವಣಾರ್ ಕಾ?" ದೇವರನ್ನು ಕೆಸರಲ್ಲಿ ಕೂರಿಸುತ್ತೀರಾ ಎಂದು. ಮಧ್ಯಾಹ್ನ ಬನ್ನಿ ಎಂದೂ ಹೇಳಿ ನಕ್ಕ.

ವೀಣಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ! ನೀನು ಟೈಡ್ ಕಾ ಆಫೀಸರ್ ಅಲ್ವಾ? ನಿನಗೇ ಪತಾ ಇಲ್ವಾ?"

ಇವರು ಕೆಸರು ಮೆತ್ತಿದ ಕಾಲಿನಲ್ಲಿ ಹಾಗೇ ನಿಂತಿದ್ದರು. ಆ ವರ್ಷದ ಪ್ರತಿ ದಿನದ ಉಬ್ಬರ ಇಳಿತದ ಹೊತ್ತು ಅಚ್ಚು ಹಾಕಿದ ಪಟ್ಟಿ ಅವರ ಚೀಲದಲ್ಲೇ ಇರುತ್ತಿತ್ತು. ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ, ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಂಜನಗೂಡಿನಲ್ಲಿ ಯಾವಾಗ ಹೋದರೂ ಕಪಿಲೆ ಮೆಟ್ಟಿಲ ಬುಡದಲ್ಲೇ ಇರುತ್ತಿದ್ದಳು. ನೀರು ಕೂಡ ಎದ್ದು ಎಲ್ಲಿಗೋ ಹೋಗಿರುತ್ತದೆ ಎಂಬುದು ಆ ಊರಿನಲ್ಲಿ ಹುಟ್ಟಿದವರಿಗೆ ಮೈಗೂಡುವುದಿಲ್ಲ, ಎಷ್ಟು ಓದಿದರೂ.

ಪುನಃಪೂಜೆ ಆದ ಗಣಪತಿಯನ್ನು ಮತ್ತೆ ಮನೆಗೆ ಒಯ್ಯುವ ಹಾಗಿಲ್ಲ. ಕಾಯುವುದೆಂದಾಯಿತು. ಒಂದು ಮುರಿದ ದೋಣಿಯ ನೆರಳಿನಲ್ಲಿ ಮಣೆಯಿಟ್ಟು, ಗಣಪತಿಗೆ ಛತ್ರಿ ಬಿಡಿಸಿ ಇಟ್ಟೆವು. ಮಳೆ ಬರುತ್ತಿತ್ತು, ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ವೀಣಾಳಿಗೆ ಹಸಿವಾಯಿತು. ಇದ್ದದ್ದು ಗಣಪತಿಯ ಬುತ್ತಿ ಮಾತ್ರ.

"ದೇವರ ಡಬ್ಬಾ ನಾವು ತಿನ್ನಬಹುದಾ ಅಮ್ಮಾ?"

"ನೈವೇದ್ಯ ಆಗಿದೆ. ಅವನಿಗೆ ಅರ್ಧ ಉಳಿಸು," ಎಂದೆ. ಗಣಪತಿ ಬೇಸರ ಮಾಡಿಕೊಳ್ಳುವವನಲ್ಲ.

ಇವರು ತಿನ್ನಲಿಲ್ಲ. ಮರಳಿನ ಮೇಲೆ ಬೆರಳಿನಿಂದ ಗೋಡೆ ಎಳೆದರು, ಬಾಗಿಲು ಇಟ್ಟರು, ಕೈಯಿಂದಲೇ ಅಳಿಸಿದರು.

"ಇಷ್ಟು ವರ್ಷ ಇದನ್ನೇ ನೋಡಿದೀನಿ ಕಮಲಾ. ನಾನೇ ಚಂದ್ರನ ಹೊತ್ತು ನೋಡದೆ ಮನೆ ಹೊತ್ತು ನೋಡಿಕೊಂಡು ಬಂದುಬಿಟ್ಟೆ. ನಾವೇನೋ ದೇವರ ಕೆಲಸ ಅಂತ ಕೂತಿದೀವಿ. ಹಿಟ್ಟಿನ ಗಿರಣಿಯವನು ಕೂರ್ತಾನಾ? ಆಪರೇಷನ್ ಮಾಡೋ ಡಾಕ್ಟರು ಕೂರ್ತಾರಾ? ಹೊತ್ತಿನ ವಿಚಾರ ಹಿಂದಿನ ಪುಟದಲ್ಲಿ ಇಡೋಕೆ ನನ್ನ ಕೈಲಿ ಆಗಲ್ಲ."

"ಅಂದರೆ ಬೇಡ ಅಂತ ಬರೀತೀರಾ?"

"ಈಗ ಬೇಡ ಅಂತ. ದೇಶದ ದುಡ್ಡಲ್ಲಿ ಈಗ ಇದಕ್ಕಿಂತ ಬೇಗ ಹೆಚ್ಚು ಮನೆಗೆ ದೀಪ ಕೊಡಬಹುದು. ಆದರೆ ಅಳತೆ ನಿಲ್ಲಿಸಬೇಡಿ, ಸಣ್ಣದೊಂದು ಕಟ್ಟಿ ನೋಡಿ, ಕಲ್ಲಿದ್ದಲಿನ ಹೊಗೆಗೂ ಒಂದು ಬೆಲೆ ಇದೆ, ಅದನ್ನ ಯಾರೂ ತಕ್ಕಡಿಗೆ ಹಾಕಿಲ್ಲ, ಹಾಕಿದರೆ ಉತ್ತರ ಬದಲಾಗಬಹುದು ಅಂತಾನೂ ಬರೀತೀನಿ. ಆದರೂ ವಿಭಾಗ ಮುಚ್ಚತ್ತೆ. ಮುಚ್ಚೇ ಮುಚ್ಚತ್ತೆ." ನನ್ನ ಕಡೆ ತಿರುಗಿದರು. "ನೀನು ಹೇಳು. ಹಾಗೆ ಬರೀಬೇಡಿ ಅಂತ ನೀನು ಅಂದರೆ ಇನ್ನೊಂದು ಸಲ ಯೋಚನೆ ಮಾಡ್ತೀನಿ."

ಅವರು ನಿಜವಾಗಿಯೂ ಕೇಳಿದರು. ಒಂದು ಮಾತು ಸಾಕಿತ್ತು. ಮಗಳು ದೂರದಲ್ಲಿ ಏಡಿ ಹುಡುಕುತ್ತಿದ್ದಳು. ನಾನು ಗಣಪತಿಯ ಮುಖ ನೋಡಿದೆ. ಛತ್ರಿಯ ಕೆಳಗೆ ಬಣ್ಣ ಬೆವೆತ ಹಾಗಿತ್ತು.

"ಬೇಕು ಅಂತ ಬರೆದು ನೀವು ಊಟ ಬಿಡೋದನ್ನ ನಾನು ನೋಡ್ಕೊಂಡು ಕೂರ್ಬೇಕು. ಅದಕ್ಕಿಂತ ದೂರ ಇದ್ದು ಅಲ್ಲಿ ಊಟ ಮಾಡ್ತಿದೀರಿ ಅಂತ ಅಂದ್ಕೊಳ್ಳೋದೇ ವಾಸಿ," ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಇವರು ಬುತ್ತಿಯ ಡಬ್ಬಿಯನ್ನು ಎಳೆದುಕೊಂಡು ಒಂದು ತುತ್ತು ತಿಂದರು.

ನೀರು ಬರುವಾಗ ಸದ್ದೇ ಇರಲಿಲ್ಲ. ದೋಣಿಯೊಂದು ಮೆಲ್ಲಗೆ ನೆಟ್ಟಗಾಯಿತು, ಆಮೇಲೆ ಇನ್ನೊಂದು. ಕೆಸರಿನ ಗೆರೆಗಳಲ್ಲಿ ನೀರು ಹರಿದು ಬಂದು, ನಾವು ನೋಡುತ್ತಿದ್ದಂತೆ ಕಾಲಿನ ಹತ್ತಿರವಿತ್ತು. ಇವರು ಸೊಂಟದ ನೀರಿಗೆ ಇಳಿದು ಗಣಪತಿಯನ್ನು ಮೂರು ಸಲ ಅದ್ದಿ ಬಿಟ್ಟರು. ಉಳಿದ ಮೊಸರನ್ನವನ್ನೂ ಬಿಟ್ಟರು. ಹೊರಗೆ ಬಂದು ಸಮುದ್ರವನ್ನು ನೋಡುತ್ತ ನಿಂತರು. "ಎಷ್ಟು ಬಲ ನೋಡೇ ಇದಕ್ಕೆ. ಸುಮ್ಮನೆ ಬಂದು ಸುಮ್ಮನೆ ಹೋಗತ್ತೆ" ಎಂದರು. ಮದುವೆಯಾಗಿ ಹೋಗುವ ಮಗಳನ್ನು ನೋಡುವವರ ಮುಖ ಹಾಗಿರುತ್ತದೆ.

ಅಂದುಕೊಂಡ ಹಾಗೆಯೇ ಬರೆದರು. ಮೂರ್ತಿಗಳು ಓದಿ ಒಂದು ವಾರ ಮಾತು ಬಿಟ್ಟರಂತೆ. ಆಮೇಲೆ ಒಂದು ಅಕ್ಷರ ಬದಲಿಸದೆ ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಇವರು ಬರೆದದ್ದು ಸರಿಯೋ ತಪ್ಪೋ ನಾನು ಇವತ್ತಿಗೂ ತೂಗಿ ನೋಡುತ್ತೇನೆ. ಆ ಗೋಡೆ ಏಳಲೇ ಇಲ್ಲ. ಕಲ್ಲಿದ್ದಲಿನ ಹೊಗೆ ಏರುತ್ತಲೇ ಹೋಯಿತು, ಈಗ ಎಲ್ಲರೂ ಅದರ ಮಾತಾಡುತ್ತಾರೆ. ಮೂರ್ತಿಗಳು ಹೇಳಿದ ಹಾಗೆ ಮೊದಲನೆಯದನ್ನು ಕಟ್ಟಿಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ಇವರು ತಮಗೆ ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಬರೆದರು. ಅಳತೆಯ ಕೆಲಸ ಮಾತ್ರ ನಿಲ್ಲಿಸಬಾರದು ಎಂದದ್ದನ್ನು ಮೇಲಿನವರು ಒಪ್ಪಿದರು. ಆ ಸುದ್ದಿ ಬಂದ ಸಂಜೆ ದೀಪದ ಮುಂದೆ ನೆನೆಯಲು ನನಗೆ ಅಷ್ಟು ಸಿಕ್ಕಿತು.

ದೀಪಾವಳಿಗೆ ಮೊದಲೇ ವರ್ಗದ ಆದೇಶ ಬಂತು. ಇವರು ಮನೆಗೆ ಬಂದು ಚೀಲ ಕೆಳಗಿಟ್ಟು ಊರಿನ ಹೆಸರು ಹೇಳಿದರು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ವೀಣಾ ಪುಸ್ತಕದಿಂದ ತಲೆ ಎತ್ತದೆ, "ಮಾರ್ಚ್ ತನಕ ತಾನೇ ಅಪ್ಪಾ? ಎಕ್ಸಾಮ್ ಮುಗಿದ ಕೂಡಲೇ ನಾವೂ ಬರ್ತೀವಿ ನಾ?" ಎಂದಳು. ಪುಟ ತಿರುಗಿಸಲಿಲ್ಲ.

"ಹೂಂ, ಬರ್ತೀರಿ" ಎಂದರು ಇವರು.

ನಾನು ಕಪಾಟು ತೆರೆದು ಇಸ್ತ್ರಿ ಮಾಡಿದ ಬಿಳಿ ಷರಟುಗಳನ್ನು ತೆಗೆದೆ. ಬೈಕುಲ್ಲಾದ ಆಫೀಸಿಗೆ ಇವರು ಅವನ್ನೇ ಹಾಕಿಕೊಂಡು ಹೋಗುತ್ತಿದ್ದರು.

"ಬಿಳೀದು ಬೇಡ ಕಮಲಾ," ಎಂದರು. "ಅಲ್ಲಿ ಬೂದಿ ಹಾರತ್ತಂತೆ. ಒಂದೇ ದಿನಕ್ಕೆ ಕಪ್ಪಾಗತ್ತೆ."

ಬಿಳಿಯವನ್ನು ಮಡಚಿ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಬೂದುಬಣ್ಣದವು, ಮದುವೆಗಳಲ್ಲಿ ಉಡುಗೊರೆ ಬಂದು ಇವರು ಇಷ್ಟಪಡದೆ ಬಿಟ್ಟವು, ಮೂಲೆಯಲ್ಲಿ ಸಿಕ್ಕಿದವು. ಬಟ್ಟೆ ಗಟ್ಟಿಯಾಗಿತ್ತು. ಗುಂಡಿಗಳು ಮಾತ್ರ ಸಡಿಲ. ಸೂಜಿ ತೆಗೆದುಕೊಂಡು, ದಾರ ಪೋಣಿಸಲು ಕಣ್ಣು ಕಾಣದೆ, ಲೈಟಿನ ಸ್ವಿಚ್ ಹಾಕಿ ಬಲ್ಬಿನ ಕೆಳಗೆ ಹೋಗಿ ಕೂತೆ.